ಕಾಗದದ ಫಾರಂ ಹೇಗಿದೆಯೋ ಹಾಗೇ ಪರದೆಯ ಮೇಲೂ ಇರಬೇಕೇ?

ಪ್ರಶ್ನೆ: ನಮ್ಮ ಮುದ್ರಿತ ಫಾರಂ ಅನ್ನು ಕಂಪ್ಯೂಟರ್‌ಗೂ ಮೊಬೈಲ್‌ಗೂ ತರಬೇಕಾಗಿದೆ. ಎರಡಕ್ಕೂ ಒಂದೇ ವಿನ್ಯಾಸ ಸಾಕೇ? ಬೇರೆ ಬೇರೆ ಮಾಡಿದರೆ ಡೇಟಾ ಕಲಸಿಹೋಗುವುದಿಲ್ಲವೇ?

ಉತ್ತರ: ಕಲಸಿಹೋಗುವುದಿಲ್ಲ. ಡೇಟಾ ಉಳಿಯುವುದು ಫೀಲ್ಡ್‌ನಲ್ಲಿ, ಅಂದರೆ ಒಂದೊಂದು ಮಾಹಿತಿಗೆ ಮೀಸಲಾದ ಖಾನೆಯಲ್ಲಿ. ಆ ಫೀಲ್ಡ್ ಪರದೆಯ ಯಾವ ಮೂಲೆಯಲ್ಲಿ ಕಾಣುತ್ತದೆ ಎಂಬುದು ಬೇರೆಯೇ ವಿಷಯ. ಫೀಲ್ಡ್‌ನ ಹೆಸರು, ಬಗೆ, ಆಯ್ಕೆಗಳ ಕೋಡ್ ಬದಲಾಗದಿದ್ದರೆ ಆಯಿತು. ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಒಂದೇ ಟೇಬಲ್‌ಗೆ ಒಂಟಿ ದಾಖಲೆಯ ಫಾರಂ, ಹಲವು ದಾಖಲೆಗಳನ್ನು ಸಾಲುಸಾಲಾಗಿ ತೋರಿಸುವ ಡೇಟಾಶೀಟ್, ಎರಡೂ ಸೇರಿದ ಸ್ಪ್ಲಿಟ್ ಫಾರಂ ಮೂರನ್ನೂ ಮಾಡಿಡಬಹುದು.

ನಾನಾದರೆ ಮೊದಲು ಕೇಳುವುದು, ತುಂಬುವವರ ಕಣ್ಣು ಎಲ್ಲಿರುತ್ತದೆ ಎಂದು. ತುಂಬಿದ ಕಾಗದ ನೋಡಿಕೊಂಡು ಟೈಪ್ ಮಾಡುವವರು ಪರದೆಯನ್ನು ನೋಡುವುದೇ ಕಡಿಮೆ. ಅವರಿಗೆ ಕಾಗದದ ಕ್ರಮವೇ ಬೇಕು, ಟ್ಯಾಬ್ ಕೀ ಕೂಡ ಅದೇ ದಾರಿ ಹಿಡಿಯಬೇಕು. ವಯಸ್ಸು ಅಡ್ಡಸಾಲಿನಲ್ಲಿ, ಗಂಡು–ಹೆಣ್ಣು ಕಂಬಸಾಲಿನಲ್ಲಿ ಇರುವ ಕೋಷ್ಟಕ ನೆನೆಸಿಕೊಳ್ಳಿ. ಅವರು ಕಾಗದದಲ್ಲಿ ಮೇಲಿನಿಂದ ಕೆಳಕ್ಕೆ ಓದುತ್ತಿರುತ್ತಾರೆ, ಟ್ಯಾಬ್ ಪಕ್ಕಕ್ಕೆ ಜಿಗಿಯುತ್ತದೆ. ಗಂಡಸರ ಅಂಕಿ ಹೆಂಗಸರ ಕಂಬಕ್ಕೆ ಹೋಗಿ ಕೂರುತ್ತದೆ. ಸಂಖ್ಯೆಯೇನೋ ಸಂಖ್ಯೆಯೇ, ಹಾಗಾಗಿ ತಪಾಸಣೆಯ ನಿಯಮಕ್ಕೂ ಅದು ಸಿಕ್ಕಿಬೀಳುವುದಿಲ್ಲ.

ಎದುರಿಗಿರುವವರನ್ನು ಕೇಳಿ ಮೊಬೈಲ್‌ನಲ್ಲಿ ತುಂಬುವುದಾದರೆ ಲೆಕ್ಕ ತಿರುಗುಮುರುಗು. ಕಿರಿದಾದ ಪರದೆಯಲ್ಲಿ ಕೋಷ್ಟಕ ಬೇಡವೇ ಬೇಡ. ಪ್ರಶ್ನೆ ಮೇಲೆ, ಉತ್ತರದ ಜಾಗ ಅದರ ಕೆಳಗೆ, ಒಂದು ಪರದೆಗೆ ಒಂದೇ ಪ್ರಶ್ನೆ. ಮೊಬೈಲ್‌ನಲ್ಲಿ ಮಾಹಿತಿ ಸಂಗ್ರಹಿಸುವ ಓಡಿಕೆ ಕಲೆಕ್ಟ್ ಆ್ಯಪ್ ತಾನಾಗಿಯೇ ಹೀಗೆ ತೋರಿಸುತ್ತದೆ. ಮನೆ ಸಂಖ್ಯೆ, ಬೀದಿ, ಊರು ಇಂಥವು ಒಟ್ಟಿಗೆ ಬರಬೇಕೆಂದರೆ ಆ ಗುಂಪಿಗೆ ‘ಫೀಲ್ಡ್-ಲಿಸ್ಟ್’ ಎಂದು ಕೊಟ್ಟರೆ ಸಾಕು.

ಕಾಗದದ ಪಡಿಯಚ್ಚು ಮಾಡಿಸುವ ಆಸೆಗೆ ಬೆಲೆಯೂ ಇದೆ. ಆರೋಗ್ಯ ಇಲಾಖೆಗಳು ಅಂಕಿಅಂಶ ಸಂಗ್ರಹಿಸಲು ಬಳಸುವ ಡಿಎಚ್‌ಐಎಸ್2 ತಂತ್ರಾಂಶದಲ್ಲಿ ಡೀಫಾಲ್ಟ್ (ತಾನಾಗಿ ರೂಪುಗೊಳ್ಳುವುದು), ಸೆಕ್ಷನ್ (ಫೀಲ್ಡ್‌ಗಳನ್ನು ವಿಭಾಗಗಳಾಗಿ ಗುಂಪು ಮಾಡಿದ್ದು), ಕಸ್ಟಮ್ (ನಾವೇ ಕಟ್ಟಿಕೊಳ್ಳುವುದು) ಎಂದು ಮೂರು ಬಗೆಯ ಫಾರಂಗಳಿವೆ. ಕಸ್ಟಮ್ ಫಾರಂ ಅನ್ನು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬೇಕಾದಂತೆ ಕಟ್ಟಬಹುದು, ನೋಡಲು ಚೆಂದ. ಆದರೆ ಮುಂದೆ ಹೊಸ ಫೀಲ್ಡ್ ಸೇರಿಸಿದರೆ ಅದು ತಾನಾಗಿ ಅಲ್ಲಿ ಕಾಣಿಸದು. ಯಾರಾದರೂ ಕೂತು ಕೈಯಾರೆ ಸೇರಿಸಬೇಕು. ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರೆ ಪಾಡು ಕೇಳಬೇಡಿ. ಆದ್ದರಿಂದ ಸೆಕ್ಷನ್ ಫಾರಂನಲ್ಲಿ ಕೆಲಸ ಸಾಗುವವರೆಗೆ ಕಸ್ಟಮ್ ಕಡೆ ಹೋಗದಿರುವುದೇ ಲೇಸು.

ಇನ್ನು ಬಣ್ಣ, ಲೋಗೋ? ಕೊನೆಗೆ ನೋಡಿಕೊಳ್ಳಿ. ಮೊದಲು ನಿಜವಾಗಿ ತುಂಬುವವರನ್ನೇ ಕೂರಿಸಿ, ಮೌಸ್ ಮುಟ್ಟದೆ ಒಂದಿಷ್ಟು ಹಳೆಯ ಫಾರಂ ನಮೂದಿಸಲು ಹೇಳಿ. ಅವರ ಕೈ ಎಲ್ಲಿ ತಡೆಯುತ್ತದೋ ಅಲ್ಲಿ ಕ್ರಮ ಬದಲಿಸಿ.