ಮಳೆಗಾಲದ ಹಗಲಲ್ಲೂ ಉಲ್ಕೆ ಬೀಳುತ್ತದೆ

ಡಿಸೆಂಬರ್‌ನ ಒಂದು ರಾತ್ರಿ ಮಲ್ಪೆಯ ಮರಳಿನ ಮೇಲೆ ಮಲಗಿ ಜೆಮಿನಿಡ್ ಉಲ್ಕೆಗಳನ್ನು ಎಣಿಸುತ್ತಿದ್ದೆವು. ಒಂದು ಜೋರಾಗಿ ಹೊಳೆಯಿತು. ಅದರ ಗೀರು ಮಾತ್ರ ಕೂಡಲೇ ಮಾಯವಾಗಲಿಲ್ಲ. ಮೊದಲು ನೆಟ್ಟಗಿತ್ತು, ಆಮೇಲೆ ನಡು ಬಾಗಿ ಒದ್ದೆ ದಾರದ ಹಾಗೆ ಡೊಂಕಾಯಿತು. ಪಕ್ಕದಲ್ಲಿದ್ದವರು "ಯಾರೋ ಹೋದರು" ಅಂದರು. ನನಗೆ ಬೇಜಾರಾಯಿತು. ಯಾರೂ ಹೋಗಿಲ್ಲ, ಉರಿದದ್ದು ಒಂದು ಕಲ್ಲಿನ ಚೂರು. ಸಾವಿನ ಶಕುನ ಹುಡುಕುವ ಕಣ್ಣಿಗೆ ಆ ಡೊಂಕು ಕಾಣಲೇ ಇಲ್ಲ. ಅಲ್ಲಿ ಗಾಳಿ ಬೀಸುತ್ತಿತ್ತು!

ನೆಲದಿಂದ 80–100 ಕಿ.ಮೀ. ಮೇಲಿನ ಗಾಳಿ ಅದು. ಅದನ್ನು ಅಳೆಯುವುದು ಹೇಗೆ? ಬಲೂನು ಅಷ್ಟು ಮೇಲೆ ಹೋಗುವುದಿಲ್ಲ, ಉಪಗ್ರಹ ಅಷ್ಟು ಕೆಳಗೆ ಇಳಿದರೆ ಉಳಿಯುವುದಿಲ್ಲ. ರಾಕೆಟ್ ಹಾರಿಸಬಹುದು, ಆದರೆ ದಿನವಿಡೀ ಹಾರಿಸುತ್ತಾ ಕೂರಲು ಆಗುತ್ತದಾ? ಮರಳಿನ ಕಾಳಿನಷ್ಟು ಸಣ್ಣ ಉಲ್ಕೆಗಳು ಮಾತ್ರ ಪುಕ್ಕಟೆಯಾಗಿ ಬೀಳುತ್ತಲೇ ಇರುತ್ತವೆ.

ಉರಿದ ದಾರಿಯಲ್ಲಿ ಎಲೆಕ್ಟ್ರಾನುಗಳ ಒಂದು ಎಳೆ ಉಳಿಯುತ್ತದೆ. ನೆಲದ ರೇಡಾರಿನಿಂದ ಬಿಟ್ಟ ರೇಡಿಯೋ ಅಲೆ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಹೊಳೆಗೆ ಬಿಟ್ಟ ಹೂವು ತಾನಾಗಿ ಈಜುವುದಿಲ್ಲ, ಅಲ್ವಾ? ಈ ಎಳೆಯೂ ಹಾಗೆ, ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ಹೈವೇಯಲ್ಲಿ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ಹಾರನ್ ಒತ್ತಿಕೊಂಡೇ ನಮ್ಮನ್ನು ದಾಟಿದಾಗ ಸ್ವರ ಇಳಿಯುತ್ತದಲ್ಲ, ಅದೇ ಲೆಕ್ಕ ಇಲ್ಲೂ: ಎಳೆ ಹತ್ತಿರ ಬರುತ್ತಿದ್ದರೆ ವಾಪಸ್ ಬಂದ ಅಲೆಯ ಮಿಡಿತ ಏರುತ್ತದೆ, ದೂರ ಹೋಗುತ್ತಿದ್ದರೆ ಇಳಿಯುತ್ತದೆ. ತಿರುವನಂತಪುರದ ತುಂಬಾ ಎಂಬ ಊರಿನಲ್ಲಿ 2004ರಿಂದ ನಡೆದ ಉಲ್ಕಾ ರೇಡಾರಿನ ಅಲೆ ಸೆಕೆಂಡಿಗೆ ಮೂರೂವರೆ ಕೋಟಿ ಸಲ ಮಿಡಿಯುತ್ತಿತ್ತು. ಎಳೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ರೇಡಾರಿನತ್ತ ಬಂದರೆ ಮಿಡಿತ ಸುಮಾರು 12 ಜಾಸ್ತಿ ಆಗುತ್ತದೆ. ಮೂರೂವರೆ ಕೋಟಿಯಲ್ಲಿ ಬರೀ 12! ಅದೂ ಹೆಚ್ಚಿನ ಎಳೆಗಳು ಒಂದು ಸೆಕೆಂಡೂ ಬಾಳುವುದಿಲ್ಲ. ಅಷ್ಟರೊಳಗೆ ಹಲವು ಆಂಟೆನಾಗಳು ಸೇರಿ ಅದು ಯಾವ ದಿಕ್ಕಿನಲ್ಲಿದೆ ಎಂದೂ ಹಿಡಿಯಬೇಕು. ಒಂದು ಎಳೆ ಹೇಳುವುದು ಹತ್ತಿರ ಬಂತೋ ದೂರ ಹೋಯಿತೋ ಅಂತ ಮಾತ್ರ. ಸುತ್ತಲಿನ ಹತ್ತಾರು ಎಳೆಗಳ ಮಾತು ಕೂಡಿಸಿದರೆ ಗಾಳಿಯ ದಿಕ್ಕು, ವೇಗ ಎರಡೂ ಸಿಗುತ್ತವೆ.

ಹೀಗೆ ಅಳೆದಾಗ ಅಲ್ಲಿಯೂ ಕಡಲಿನ ಹಾಗೆ ಭರತ ಇಳಿತ ಇರುವುದು ಕಾಣುತ್ತದೆ. ನಮ್ಮ ಕಡಲನ್ನು ಹೆಚ್ಚು ಎಳೆಯುವುದು ಚಂದ್ರ. ಅಲ್ಲಿ ಬಿಸಿಲಿನ ಕಾವೇ ಮುಖ್ಯ, 24 ಮತ್ತು 12 ಗಂಟೆಗಳ ತಾಳದಲ್ಲಿ.

ಇದರ ಹಿಂದಿನ ಕತೆ ನನಗೆ ಬಹಳ ಇಷ್ಟ. 1945ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಬರ್ನಾರ್ಡ್ ಲವೆಲ್ ಹುಡುಕುತ್ತಿದ್ದದ್ದು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು. ಮ್ಯಾಂಚೆಸ್ಟರಿನಲ್ಲಿ ಟ್ರಾಮುಗಳ ವಿದ್ಯುತ್ ಗಲಾಟೆ ಜಾಸ್ತಿಯಾಗಿ, ಸೇನೆಯ ಹಳೇ ರೇಡಾರನ್ನು ಊರಾಚೆ ಜೋಡ್ರೆಲ್ ಬ್ಯಾಂಕ್ ಎಂಬ ಜಾಗದ ಹೊಲಕ್ಕೆ ಒಯ್ದರು. ಸಿಕ್ಕಿದ್ದು ಉಲ್ಕೆಗಳ ಪ್ರತಿಧ್ವನಿ. 1947ರಲ್ಲಿ ಅಲ್ಲೇ ಹಗಲಿನ ಉಲ್ಕಾಮಳೆಗಳೂ ಪತ್ತೆಯಾದವು. ಅವುಗಳಲ್ಲಿ ಏರಿಯೆಟಿಡ್ ಜೋರಾಗುವುದು ಜೂನ್ ಮೊದಲ ವಾರದ ಹೊತ್ತಿಗೆ. ಆಗ ಮಲ್ಪೆಯ ಬೋಟುಗಳೆಲ್ಲ ದಡದಲ್ಲಿ, ತಲೆಯ ಮೇಲೆ ಕಪ್ಪು ಮೋಡ. ಮೋಡದಾಚೆ ಹಾಡಹಗಲಲ್ಲಿ ಗೀರುಗಳು ಬೀಳುತ್ತಿರುತ್ತವೆ. ನಮಗೆ ಒಂದೂ ಕಾಣದು. ರೇಡಾರಿಗೆ ಮೋಡವೂ ಅಡ್ಡಿಯಲ್ಲ, ಬಿಸಿಲೂ ಅಡ್ಡಿಯಲ್ಲ.