ಚೌಕುಳಿ ಹೂವಿನ ಮೂರು ಹೆಸರು

ಆರ್ಕಿಡ್ ಅಂದ ಕೂಡಲೇ ಚಿತ್ರದುರ್ಗದವರು ಮಲೆನಾಡಿನ ಕಡೆ ಕೈ ತೋರಿಸುತ್ತಾರೆ. ಸೀತಾಳೆ ದಂಡೆ ಅರಳೋದು ಅಲ್ಲಿ ಅಲ್ವಾ, ಈ ಬಿಸಿಲೂರಲ್ಲಿ ಏನಿದೆ ಅಂತ. ಆದರೆ ಹುಣಸೆ, ಮಾವಿನ ಮರದ ಮೇಲೆ ಕೂತು ಬಯಲುಸೀಮೆಯ ಬೇಸಿಗೆಯನ್ನೂ ತಡೆದುಕೊಳ್ಳುವ ಆರ್ಕಿಡ್ ಒಂದಿದೆ: ವಾಂಡಾ ಟೆಸಲೇಟಾ. ಇದನ್ನೂ ಬದನಿಕೆ ಅಂದುಕೊಂಡು ಕಿತ್ತು ಬಿಸಾಡುವವರಿದ್ದಾರೆ. ಬದನಿಕೆ ಮರದ ಸಾರ ಹೀರುತ್ತದೆ. ಇದು ಪಾಪ, ಮರದಿಂದ ಕೂರಲು ಜಾಗ ಬಿಟ್ಟು ಬೇರೇನೂ ಕೇಳುವುದಿಲ್ಲ.

ಹೂ ಇಲ್ಲದಾಗ ಎಲೆಯ ತುದಿ ನೋಡಬೇಕು. ಎಲೆ ಉದ್ದ, ಕಿರಿದು, ನಡುವೆ ಮಡಿಚಿಕೊಂಡಿರುತ್ತದೆ. ತುದಿ ಮಾತ್ರ ಯಾರೋ ಕಚ್ಚಿ ಬಿಟ್ಟ ಹಾಗೆ ಹಲ್ಲುಹಲ್ಲು. ದಪ್ಪನೆಯ ಬೂದುಬಣ್ಣದ ಬೇರಿಗೆ ನೀರು ಚಿಮುಕಿಸಿದರೆ ಹಸಿರಾಗುತ್ತದೆ. ಹೊರಗಿನ ಸತ್ತ ಕೋಶಗಳ ಪದರ ನೀರು ಕುಡಿದಾಗ ಒಳಗಿನ ಹಸಿರು ಕಾಣುತ್ತದೆ, ಅಷ್ಟೇ. ಹೂವಿನ ಐದು ಎಸಳು ಹೊರಗಡೆ ಬಿಳಿ. ಒಳಗಡೆ ಹಳದಿ-ಹಸಿರಿನ ಮೇಲೆ ಕಂದು ಗೆರೆಗಳ ಚೌಕುಳಿ. ಆರನೆಯ ಎಸಳು ನೇರಳೆ ಬಣ್ಣದ ತುಟಿ. ಸಸ್ಯವಿಜ್ಞಾನಿ ಬರೆಯುವ ವಿವರಣೆಯೂ ಹೆಚ್ಚುಕಮ್ಮಿ ಹೀಗೇ, ಮಿಲಿಮೀಟರ್ ಲೆಕ್ಕ ಜಾಸ್ತಿ, ಹೊಗಳಿಕೆ ಇಲ್ಲ.

ಇದಕ್ಕೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟವರು ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರು ವಿಲಿಯಂ ರಾಕ್ಸ್‌ಬರ್ಗ್. ಅವರು ಆಂಧ್ರದ ಸಾಮಲಕೋಟದಲ್ಲಿದ್ದು ಗಿಡಗಳನ್ನು ಅಭ್ಯಾಸ ಮಾಡಿದವರು, ಇಲ್ಲಿನ ಚಿತ್ರಕಾರರಿಂದ ಚಿತ್ರ ಬರೆಸಿದವರು. ಒಣಗಿಸಿದ ಹೂವಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಚಿತ್ರದಲ್ಲಿ ನಿಲ್ಲುತ್ತದೆ. 1795ರಲ್ಲಿ ಅವರು ಇಟ್ಟ ಹೆಸರು ಎಪಿಡೆಂಡ್ರಮ್ ಟೆಸಲೇಟಮ್. ಎರಡನೇ ಪದ ಆ ಚೌಕುಳಿಗಾಗಿ. ಮೊದಲನೆಯದು ಗುಂಪಿನ ಹೆಸರು. ಮರದ ಮೇಲಿನ ಆರ್ಕಿಡ್‌ಗಳನ್ನೆಲ್ಲ ಆಗ ಸುಮ್ನೆ ಅದರೊಳಗೆ ತುಂಬುತ್ತಿದ್ದರು. ಇವತ್ತು ಆ ಗುಂಪಿನಲ್ಲಿ ಅಮೆರಿಕ ಖಂಡಗಳ ಗಿಡಗಳಷ್ಟೇ ಉಳಿದಿವೆ.

1820ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಇದನ್ನು ವಾಂಡಾ ಗುಂಪಿಗೆ ತಂದು, ಐದು ವರ್ಷದ ಹಿಂದೆ ತೀರಿಕೊಂಡಿದ್ದ ರಾಕ್ಸ್‌ಬರ್ಗ್ ಹೆಸರಿನಲ್ಲೇ ವಾಂಡಾ ರಾಕ್ಸ್‌ಬರ್ಗಿ ಎಂದು ಕರೆದರು. ಒಳ್ಳೆಯ ಮನಸ್ಸೇ. ಆದರೆ ಇವತ್ತಿನ ನಿಯಮ ಮುಲಾಜು ನೋಡುವುದಿಲ್ಲ. ಗಿಡ ಗುಂಪು ಬದಲಿಸಿದರೂ ಮೊದಲು ಸಿಕ್ಕ ಎರಡನೇ ಪದ ಜೊತೆಗೇ ಹೋಗಬೇಕು. ಹಾಗಾಗಿ ವಾಂಡಾ ಟೆಸಲೇಟಾ ಗೆದ್ದಿತು. ಹೆಸರಿನ ನಂತರ ಕಂಸದಲ್ಲಿ ರಾಕ್ಸ್‌ಬರ್ಗ್ ಹೆಸರನ್ನು ಚುಟುಕಾಗಿ ಬರೆಯುತ್ತಾರೆ, ಮೊದಲು ವಿವರಿಸಿದವರು ಅಂತ.

ಸೋತ ಹೆಸರು ಔಷಧಿ ಪುಸ್ತಕಗಳಲ್ಲಿ ಇನ್ನೂ ಉಳಿದಿದೆ. ಆಯುರ್ವೇದದಲ್ಲಿ ರಾಸ್ನಾ ಅನ್ನೋ ಮೂಲಿಕೆಯಿದೆ; ಬಂಗಾಳದಲ್ಲಿ ಅದಾಗಿ ಬಳಸುವುದು ಇದೇ ವಾಂಡಾದ ಬೇರನ್ನು. ನಮ್ಮ ದಕ್ಷಿಣದ ಕಡೆ ರಾಸ್ನಾ ಅಂದರೆ ದುಂಪರಾಸ್ಮಿ, ಶುಂಠಿ ಕುಟುಂಬದ ಗಡ್ಡೆ. ಉತ್ತರದಲ್ಲಿ ಅದೇ ಹೆಸರಿಗೆ ಮೂರನೆಯದೊಂದು ಗಿಡ. ದಾವಣಗೆರೆಯ ಗ್ರಂಥಿಗೆ ಅಂಗಡಿಯಲ್ಲಿ ಬರೀ ರಾಸ್ನಾ ಕೊಡಿ ಅಂದರೆ ಈ ಆರ್ಕಿಡ್ ಸಿಗುತ್ತದೆ ಅಂತ ನಂಬಬೇಡಿ.