ಕಾಣದ ಹೀರೋಗೆ ಕಣ್ಣೂ ಕಾಣಲ್ಲ

ಬಾಗಲಕೋಟೆಯ ನಮ್ಮ ಮನೆಗೆ ಸಂಜೆ ಮಿರ್ಚಿ ಬಂದರೆ ನಾನು ಮೊದಲು ನೋಡುವುದು ಅದನ್ನು ಕಟ್ಟಿದ ಕಾಗದವನ್ನು. ಎಣ್ಣೆ ಹರಡಿದ ಕಡೆ ಹಳೇ ಪೇಪರಿನ ಹಿಂದಿನ ಪುಟದ ಅಕ್ಷರ ಉಲ್ಟಾ ಕಾಣುತ್ತಿರುತ್ತವೆ. ಇದನ್ನು ವಿವರಿಸುತ್ತಾ ಕೂತು ಎಲ್ಲರ ಮಿರ್ಚಿ ತಣ್ಣಗೆ ಮಾಡ್ತೀನಿ ಅಂತ ಮನೆಯವರ ತಕರಾರು.

ಮೊನ್ನೆ ಅಕ್ಕನ ಮಗ ಬಂದಿದ್ದ. ಎಂಟನೇ ಕ್ಲಾಸು. ತಲೆ ತುಂಬಾ ಮಾಯವಾಗುವ ಹೀರೋಗಳು. "ಮಾಮಾ, ಮನಷ್ಯಾ ಖರೇನ ಮಾಯ ಆಗಾಕ ಬರತೈತೇನು?" ಅಂದ. ನಾನು ಎಣ್ಣೆ ಕಾಗದ ಎತ್ತಿ ಹಿಡಿದೆ. "ನೋಡು, ಇದು ಅರ್ಧ ಮಾಯ ಆಗೇತಿ."

ಕಾಗದದ ನಾರಿಗೆ ಅದರದ್ದೇ ಬಿಳಿ ಬಣ್ಣ ಇಲ್ಲ. ನಾರುಗಳ ನಡುವೆ ಗಾಳಿ ತುಂಬಿರುತ್ತದೆ. ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗ ಬೆಳಕು ಪ್ರತಿ ಗಡಿಯಲ್ಲೂ ಸ್ವಲ್ಪ ಬಾಗುತ್ತದೆ, ಸ್ವಲ್ಪ ವಾಪಸ್ ಚಿಮ್ಮುತ್ತದೆ. ಹೀಗೆ ದಿಕ್ಕೆಟ್ಟು ಬಂದ ಬೆಳಕೇ ನಮಗೆ ಬಿಳಿಯಾಗಿ ಕಾಣುವುದು. ಶಾಲೆಯಲ್ಲಿ ಉರು ಹೊಡೆದ ವಕ್ರೀಭವನ ಸೂಚ್ಯಂಕ, ಅಂದರೆ ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಅಂತ ಹೇಳುವ ಅಂಕಿ, ನೆನಪಿದೆ ಅಲ್ವಾ? ಗಾಳಿಗೆ 1, ನೀರಿಗೆ 1.33, ಶೇಂಗಾ ಎಣ್ಣೆಗೆ ಸುಮಾರು 1.47, ಕಾಗದದ ನಾರಿಗೆ ಸುಮಾರು 1.5. ಅಂತರ ಜಾಸ್ತಿ ಇದ್ದಷ್ಟೂ ಗಡಿಯಲ್ಲಿ ಗಲಾಟೆ ಜಾಸ್ತಿ. ಎಣ್ಣೆ ಬಂದು ಗಾಳಿಯನ್ನು ಹೊರಗೆ ದಬ್ಬಿದರೆ ಗಡಿಯೇ ಅಳಿಸಿದ ಹಾಗೆ.

ಡಾಂಬರು ರಸ್ತೆಯಿಂದ ಮಳೆ ಬಿದ್ದ ಎರಿ ಹೊಲಕ್ಕೆ ಬೈಕನ್ನು ಓರೆಯಾಗಿ ಇಳಿಸಿ ನೋಡಿ, ಹ್ಯಾಂಡಲ್ ತಾನೇ ಎಳೆಯುತ್ತದೆ. ಎರಡೂ ಕಡೆ ಡಾಂಬರೇ ಇದ್ದರೆ ಬೈಕಿಗೆ ಏನೂ ಗೊತ್ತಾಗಲ್ಲ. ಸಾಕಾಗಲಿಲ್ವಾ? ಏಕಾದಶಿಯ ಸಾಬೂದಾಣಿ ತಗೊಳ್ಳಿ. ಒಣಗಿದ್ದಾಗ ಸುಣ್ಣದಷ್ಟು ಬಿಳಿ, ಬೆಂದು ನೀರು ಕುಡಿದ ಮೇಲೆ ಗಾಜಿನ ಗುಂಡು. ಬಿಳಿ ಧೋತರ ಒದ್ದೆಯಾದರೆ ಮೈ ಕಾಣುತ್ತದೆ, ಅದೂ ಇದೇ. ಇನ್ನೊಂದು ತೋರಿಸಿಬಿಡ್ತೀನಿ ಅಂತ ಒಂದು ಲೋಟಕ್ಕೆ ಶೇಂಗಾ ಎಣ್ಣೆ ಸುರಿದೆ. ಬೊರೊಸಿಲಿಕೇಟ್ ಗಾಜಿನ ಟೆಸ್ಟ್ ಟ್ಯೂಬನ್ನು ಒಳಗೂ ಎಣ್ಣೆ ತುಂಬಿಸಿ ಮೆಲ್ಲಗೆ ಇಳಿಸಿದೆ. ಆ ಗಾಜಿನ ಸೂಚ್ಯಂಕವೂ 1.47ರ ಆಸುಪಾಸು. ಎಣ್ಣೆಯ ಮೇಲೆ ಟ್ಯೂಬಿನ ಬಾಯಿ ಮಾತ್ರ ಉಳಿಯಿತು. ಕೆಳಗೆ ಏನೂ ಇಲ್ಲ. ಹುಡುಗ ಲೋಟದೊಳಗೆ ಬೆರಳು ಹಾಕಿ ತಡಕಾಡಿದ. ಬೆರಳು ಗಾಜಿಗೆ ತಗುಲಿದಾಗ ಬೆಚ್ಚಿಬಿದ್ದ.

ಚರ್ಮದ ಕಥೆಯೂ ಕಾಗದದ್ದೇ. ಅದರಲ್ಲಿ ನೀರಿದೆ, ಕೊಬ್ಬಿದೆ, ಪ್ರೋಟೀನಿದೆ, ಒಂದೊಂದರ ಸೂಚ್ಯಂಕ ಒಂದೊಂದು. 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಟಾರ್ಟ್ರಜಿನ್ ಎಂಬ ಹಳದಿ ಬಣ್ಣವನ್ನು ನೀರಲ್ಲಿ ಕಲಸಿ ಇಲಿಯ ಹೊಟ್ಟೆಗೆ ಸವರಿದರು. ತಿಂಡಿಗೆ ಹಾಕುವ ಬಣ್ಣವೇ ಅದು. ಚರ್ಮದೊಳಗಿನ ನೀರಿನ ಸೂಚ್ಯಂಕ ಏರಿ ಕೊಬ್ಬು, ಪ್ರೋಟೀನಿನ ಹತ್ತಿರ ಬಂತು. ಕರುಳು ಅಲುಗಾಡುವುದು ಹೊರಗಿನಿಂದಲೇ ಕಂಡಿತು! ತೊಳೆದರೆ ಮತ್ತೆ ಮೊದಲಿನಂತೆ. ಇದು ಚೆನ್ನಾಗಿ ನಡೆಯುವುದು ಕೆಂಪು ಬೆಳಕಿಗೆ. 1987ರ 'ಮಿಸ್ಟರ್ ಇಂಡಿಯಾ' ಸಿನಿಮಾದಲ್ಲಿ ಮಾಯವಾದ ಹೀರೋ ಕೆಂಪು ಬೆಳಕು ಬಿದ್ದರೆ ಸಿಕ್ಕಿಬೀಳುತ್ತಾನೆ. ಇಲಿಯದ್ದು ಪೂರಾ ಉಲ್ಟಾ. (ಮಿಠಾಯಿ ಬಣ್ಣ ಮೈಗೆ ಬಳಿದುಕೊಂಡು ಪ್ರಯೋಗ ಮಾಡಬೇಡಿ.)

ಈಗ ನನ್ನ ಜಗಳದ ವಿಷಯ. ಆ ಸಿನಿಮಾದವನಿಗೆ ಕೈಗಡಿಯಾರದ ಥರದ ಯಂತ್ರ. 1960ರಲ್ಲಿ ಅಮೆರಿಕದ ಕಾಮಿಕ್ಸಿಗೆ ಬಂದ 'ಇನ್‌ವಿಸಿಬಲ್ ಕಿಡ್' ಎಂಬ ಹುಡುಗನಿಗೆ ತಾನೇ ತಯಾರಿಸಿದ ಔಷಧಿ. ಮಾಯವಾದ ಮೇಲೂ ಇವರಿಗೆಲ್ಲ ಎದುರಿನದ್ದು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬನೂ ಗೋಡೆಗೆ ಹಣೆ ಬಡಿದುಕೊಳ್ಳಲ್ಲ. ಹೆಂಗೆ? ನೋಟ ಅಂದರೆ ಕಣ್ಣಿನ ಹಿಂಭಾಗದ ಅಕ್ಷಿಪಟಲ ಬೆಳಕನ್ನು ನುಂಗುವುದು. ಇಡೀ ಮೈಯಿಂದ ಬೆಳಕು ಹಾಗೇ ದಾಟಿಹೋದರೆ ನುಂಗುವವರು ಯಾರು? ಬೆಳಕನ್ನು ಮೈ ಸುತ್ತ ಬಳಸಿ ಕಳಿಸುವ ಹೊದಿಕೆಯಲ್ಲೂ ಇದೇ ತೊಂದರೆ. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ತಾಮ್ರದ ಸಿಲಿಂಡರನ್ನು ಮೈಕ್ರೋವೇವ್ ಅಲೆಗಳಿಗೆ ಸಿಗದಂತೆ ತಕ್ಕಮಟ್ಟಿಗೆ ಮರೆಮಾಡಿದರು. ಬೆಳಕಿಗೂ ಅಂಥದ್ದು ಆಯಿತು ಅಂತಿಟ್ಟುಕೊಳ್ಳಿ, ಒಳಗೆ ಕೂತವನಿಗೆ ಅಮಾವಾಸ್ಯೆ.

ಎಚ್.ಜಿ. ವೆಲ್ಸ್‌ಗೆ ಈ ಅನುಮಾನ ಇತ್ತು. 1897ರ ಅವರ 'ದಿ ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯಲ್ಲಿ ಮಾಯವಾದ ಗ್ರಿಫಿನ್ ಕನ್ನಡಿ ನೋಡಿಕೊಂಡಾಗ ಅಕ್ಷಿಪಟಲದ ಹಿಂದೆ ಮಂಜಿಗಿಂತ ತೆಳುವಾದ ಬಣ್ಣವೊಂದು ಉಳಿದಿರುತ್ತದೆ. ಮಲಗುವಾಗ ಅವನು ಕಣ್ಣ ಮೇಲೆ ಚಾದರ ಎಳೆದುಕೊಳ್ಳುತ್ತಾನೆ. ರೆಪ್ಪೆಯೂ ಪಾರದರ್ಶಕ, ಪಾಪ, ಮುಚ್ಚಿದರೂ ಬೆಳಕು ನಿಲ್ಲಬೇಕಲ್ಲ. ಚಾದರ ಮಾತ್ರ ಎಲ್ಲರಿಗೂ ಕಾಣುತ್ತದೆ.

ನಾನೂ ಒಮ್ಮೆ ಮಾಯವಾಗಲು ಹೊರಟಿದ್ದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕದ ಟೆಂಟಿನ ಪಕ್ಕ ಒಬ್ಬ ಅಂಜನ ಮಾರುತ್ತಿದ್ದ. ಹಚ್ಚಿಕೊಂಡರೆ ಯಾರ ಕಣ್ಣಿಗೂ ಬೀಳಲ್ಲವಂತೆ. ತಿಂಡಿಗೆ ಕೊಟ್ಟ ದುಡ್ಡೆಲ್ಲ ಅದಕ್ಕೇ ಹೋಯಿತು. ಮನೆಗೆ ಬಂದವನೇ ಕಣ್ಣ ಸುತ್ತ ಬಳಿದುಕೊಂಡು ಕರ್ಚಿಕಾಯಿ ಡಬ್ಬಿಗೆ ಕೈ ಹಾಕಿದೆ. ಅಜ್ಜಿ ತಲೆ ಎತ್ತದೇ "ಮೊದಲ ಮಾರಿ ತೊಳಕೊಂಡ ಬಾ" ಅಂದಳು. ಇವತ್ತಿಗೂ ಅಂಜನ, ವಶೀಕರಣ ಅಂತ ದುಡ್ಡು ಕಳೆದುಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಜನ ಅಂದರೆ ಮಸಿ. ಬೆಳಕು ನುಂಗುವುದರಲ್ಲಿ ಅದನ್ನು ಮೀರಿಸಿದ್ದು ಕಡಿಮೆ. ಮಾಯವಾಗಬೇಕಾದವನು ಹಚ್ಚಿಕೊಳ್ಳಬಾರದ್ದು ಏನಾದರೂ ಇದ್ದರೆ ಅದೇ. ಕಣ್ಣಿನ ಪಾಪೆ ಕಪ್ಪಗಿರುವುದೂ ಒಳಗೆ ಹೋದ ಬೆಳಕು ಹೆಚ್ಚುಕಡಿಮೆ ವಾಪಸ್ ಬರಲ್ಲ ಅಂತ. ಹಾಗಾಗಿ ನಿಜವಾದ ಮಾಯಾವಿ ಗಾಳಿಯಲ್ಲಿ ತೇಲುವ ಎರಡು ಕಪ್ಪು ಚುಕ್ಕೆ ಇಟ್ಟುಕೊಂಡೇ ಓಡಾಡಬೇಕು.

ಗಾಳಿಗಿಂತ ನೀರು ವಾಸಿ. ಮಾಂಸದ ಸೂಚ್ಯಂಕ ನೀರಿನದ್ದಕ್ಕೆ ಹತ್ತಿರ. ಅದಕ್ಕೇ ಗಾಜಿನಂಥ ಪ್ರಾಣಿಗಳು ಸಮುದ್ರದಲ್ಲಿ ಎಷ್ಟೋ ಇವೆ, ನೆಲದ ಮೇಲೆ ಅಪರೂಪ. ಇಲ್ಲಿ ನಮ್ಮ ಮುಧೋಳದ ರನ್ನನನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗಲ್ಲ. ಅವನ ದುರ್ಯೋಧನ ಜಲಮಂತ್ರ ಹಾಕಿ ವೈಶಂಪಾಯನ ಸರೋವರದೊಳಗೆ ಅಡಗುತ್ತಾನೆ. ಭೌತವಿಜ್ಞಾನದ ಲೆಕ್ಕದಲ್ಲಿ ಜಾಣ ಆಯ್ಕೆ. ಆದರೆ ಘಟಪ್ರಭೆಯಲ್ಲಿ ಮುಳುಗಿ ಕಣ್ಣು ಬಿಟ್ಟವರಿಗೆ ಗೊತ್ತು, ಎಲ್ಲ ಮಸುಕು ಮಸುಕು. ಕಣ್ಣಿನ ಮುಂದಿನ ಪಾರದರ್ಶಕ ಪಟಲದ ಸೂಚ್ಯಂಕ 1.376. ಗಾಳಿಯಲ್ಲಿ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಅದರದ್ದೇ. 1.33ರ ನೀರಲ್ಲಿ ಅದಕ್ಕೆ ಕೆಲಸವೇ ಉಳಿಯಲ್ಲ. ದಡದಲ್ಲಿ ನಿಂತ ಭೀಮ ಅವನಿಗೆ ಬರೀ ಒಂದು ಮಬ್ಬು ಆಕಾರ. ಆದರೆ ಕಿವಿ ಕೇಳುತ್ತದೆ. ಭೀಮನ ಗರ್ಜನೆಗೆ ದುರ್ಯೋಧನ ನೀರಿನೊಳಗಿದ್ದೂ ಬೆವರಿದ ಅಂತ ರನ್ನ ಹೇಳುತ್ತಾನೆ.

ಹುಡುಗ ಎಣ್ಣೆಯಿಂದ ಟ್ಯೂಬು ಎತ್ತುತ್ತಾ, ಇಳಿಸುತ್ತಾ ಕೇಳುತ್ತಿದ್ದ.

"ಮಾಮಾ, ಬೆವರೂ ನೀರ ಅಲ್ಲೇನು? ನೀರಾಗ ಬೆವರು ರನ್ನಗ ಹೆಂಗ ಕಾಣಿಸ್ತು?"

ಮಿರ್ಚಿ ಅಷ್ಟೊತ್ತಿಗೆ ತಣ್ಣಗಾಗಿತ್ತು.